ಖಂಡೆಪೂಜೆಯ ದಿನ ಕಂಡ ಗೆರೆಗಳು

ಮೊದಲೇ ಹೇಳಿಬಿಡುತ್ತೇನೆ, ಇಂಥ ಅನುಭವಗಳನ್ನು ಹೇಳುವವರನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ಯಾರಾದರೂ ದನಿ ತಗ್ಗಿಸಿ "ನನಗ ಒಮ್ಮೆ ಹೀಂಗಾತು ನೋಡ್ರಿ" ಎಂದು ಶುರು ಮಾಡಿದರೆ ಸಾಕು, ನಾನು ಎದ್ದು ಒಳಗೆ ಹೋಗಿ ಚಹಾಕ್ಕೆ ನೀರಿಡುತ್ತಿದ್ದೆ. ಬೈಲಹೊಂಗಲದ ನಮ್ಮ ಮನೆಯಲ್ಲಿ ಅಂಥವರಿಗೆ ಬರವಿರಲಿಲ್ಲ. ಅಪ್ಪ ಪೌರೋಹಿತ್ಯ ಮಾಡುತ್ತಿದ್ದರು. ಕನಸು ಬಿತ್ತು, ಹಲ್ಲಿ ಬಿತ್ತು, ಸತ್ತ ಅಜ್ಜಿ ಹಿತ್ತಲಲ್ಲಿ ನಿಂತಿದ್ದಳು ಎಂದು ಹೇಳಿಕೊಂಡು ದಿನಾ ಯಾರಾದರೊಬ್ಬರು ಬಂದು ಪಡಸಾಲೆಯಲ್ಲಿ ಕೂರುತ್ತಿದ್ದರು. ಅಪ್ಪ ಪಂಚಾಂಗ ತಿರುವಿ ಅವರಿಗೆ ಸಮಾಧಾನ ಹೇಳುತ್ತಿದ್ದರು. ನಾನು ಬಾಗಿಲ ಮರೆಯಲ್ಲಿ ನಿಂತು ನಗು ತಡೆದುಕೊಳ್ಳುತ್ತಿದ್ದೆ. ರಸಾಯನಶಾಸ್ತ್ರ ಓದಲು ಧಾರವಾಡಕ್ಕೆ ಹೋದ ಮೇಲಂತೂ ತಡೆದುಕೊಳ್ಳುವುದನ್ನೂ ಬಿಟ್ಟೆ.

ಈಗ ನಾನು ನಂಬುವವಳಾಗಿದ್ದೇನೆ ಎಂದು ನೀವು ತಿಳಿಯಬೇಡಿ. ದೆವ್ವ ಕಂಡಿತು, ದೇವರು ಕಂಡ ಎಂದು ಹೇಳಲು ನಾನು ಕೂತಿಲ್ಲ. ಹಾಡಹಗಲು, ಬಿಸಿಲು ಬಿದ್ದ ಕೋಣೆಯಲ್ಲಿ, ನನ್ನ ಕಸುಬಿನ ವಿಷಯದಲ್ಲಿ, ಆಗಲು ಸಾಧ್ಯವೇ ಇಲ್ಲದ ಒಂದು ಸಂಗತಿ ನನ್ನ ಕಣ್ಣೆದುರು ಆಯಿತು. ಆ ಆಘಾತ ಇಷ್ಟು ವರ್ಷವಾದರೂ ಇಳಿದಿಲ್ಲ. ಆದದ್ದನ್ನು ಆದ ಹಾಗೆ ಹೇಳುತ್ತೇನೆ.

ಎಪ್ಪತ್ತರ ದಶಕದ ನಡುವಿನ ಮಾತು. ನವಿಲುತೀರ್ಥದ ಅಣೆಕಟ್ಟಿನಿಂದ ಕಾಲುವೆಗಳಿಗೆ ನೀರು ಹರಿಯತೊಡಗಿದ್ದ ಕಾಲ. ಸುತ್ತಲಿನ ಹೊಲಗಳ ಬಾವಿಗಳಲ್ಲಿ ನೀರು ಮೇಲೆ ಬರುತ್ತಿತ್ತು. ಅದು ಕಾಲುವೆಯಿಂದ ಇಂಗಿದ ನೀರೋ, ಮಳೆಯ ನೀರೋ, ನೆಲದಡಿಯ ಹಳೆಯ ನೀರೋ ಎಂದು ತಿಳಿಯುವುದಕ್ಕೆ ಸವದತ್ತಿಯ ಹೊರವಲಯದಲ್ಲಿ ಒಂದು ಸಣ್ಣ ಪ್ರಯೋಗಾಲಯ ಇತ್ತು. ಹಳೆಯ ಹತ್ತಿ ಜಿನ್ನಿನ, ಅಂದರೆ ಹತ್ತಿ ಬಿಡಿಸುವ ಗಿರಣಿಯ, ಕಟ್ಟಡವನ್ನು ಬಾಡಿಗೆಗೆ ಹಿಡಿದು ಅದನ್ನು ನಡೆಸುತ್ತಿದ್ದರು. ಅಲ್ಲಿ ನಾಲ್ಕೇ ಜನ. ಪುಣೆಯಿಂದ ಬಂದಿದ್ದ ಮುಖ್ಯಸ್ಥರು, ಅವರನ್ನು ನಾವು ಸಾಹೇಬರು ಎನ್ನುತ್ತಿದ್ದೆವು. ಆಮೇಲೆ ನಾನು, ಮೆಕ್ಯಾನಿಕ್ ಫಕೀರಪ್ಪ, ಮತ್ತು ಆಡು ಸಾಕಿಕೊಂಡು ಕಂಪೌಂಡಿನಲ್ಲೇ ಇರುತ್ತಿದ್ದ ಕಾವಲುಗಾರ ಹುಸೇನಸಾಬ.

ನಮ್ಮ ಹತ್ತಿರ ಇದ್ದ ದೊಡ್ಡ ಆಸ್ತಿಯೆಂದರೆ ಒಂದು ಮಾಸ್ ಸ್ಪೆಕ್ಟ್ರೋಮೀಟರ್. ಪರದೇಶದ ಯಾವುದೋ ವಿಶ್ವವಿದ್ಯಾಲಯ ಉಪಯೋಗಿಸಿ ಬಿಟ್ಟದ್ದು. ಹೆಸರು ಕೇಳಿ ಹೆದರಬೇಡಿ. ಅದರ ಕೆಲಸ ತೂಗುವುದು, ಕಿರಾಣಿ ಅಂಗಡಿಯ ತಕ್ಕಡಿಯ ಹಾಗೆ. ತೂಗುವುದು ಮಾತ್ರ ಅಣುಗಳನ್ನು. ಅನಿಲ ಮೊದಲು ಒಂದು ಅಂಗೈಯಗಲದ ಉಕ್ಕಿನ ಡಬ್ಬಿಯೊಳಗೆ ಬರುತ್ತದೆ. ಅದನ್ನು ಸೋರ್ಸ್ ಎನ್ನುತ್ತಿದ್ದೆವು. ಅದರೊಳಗೆ ಬಲ್ಬಿನ ತಂತಿಯಂಥ ಒಂದು ತಂತಿ ಕೆಂಪಗೆ ಕಾದಿರುತ್ತದೆ. ಅಲ್ಲಿ ಅಣುಗಳಿಗೆ ವಿದ್ಯುತ್ತಿನ ಪೆಟ್ಟು ಬೀಳುತ್ತದೆ. ಪೆಟ್ಟು ತಿಂದ ಅಣುಗಳು ಒಂದು ಬಾಗಿದ ಕೊಳವೆಯಲ್ಲಿ, ದೊಡ್ಡ ಅಯಸ್ಕಾಂತದ ನಡುವೆ ಓಡುತ್ತವೆ. ಹಗುರಾದವು ಹೆಚ್ಚು ಬಾಗುತ್ತವೆ, ಭಾರದವು ಕಡಿಮೆ. ಕೊನೆಯಲ್ಲಿ ಯಾವ ತೂಕದ್ದು ಎಷ್ಟು ಬಂತು ಎಂಬುದನ್ನು ಒಂದು ಪೆನ್ನು ಜರುಗುವ ಕಾಗದದ ಮೇಲೆ ಗುಡ್ಡದ ಆಕಾರದ ಗೆರೆಗಳಾಗಿ ಬರೆಯುತ್ತದೆ. ಇಪ್ಪತ್ತೆಂಟರ ಜಾಗದಲ್ಲಿ ಗುಡ್ಡ ಎದ್ದರೆ ಅದು ಸಾರಜನಕ, ಮೂವತ್ತೆರಡರಲ್ಲಿ ಎದ್ದರೆ ಆಮ್ಲಜನಕ. ಇಷ್ಟೇ.

ಇದೆಲ್ಲ ನಡೆಯಬೇಕಾದರೆ ಕೊಳವೆಯೊಳಗೆ ಗಾಳಿ ಇರಬಾರದು. ಅದಕ್ಕೆ ಹಗಲೂ ರಾತ್ರಿ ಪಂಪುಗಳು ಗುಡುಗುಡು ಎನ್ನುತ್ತ ಗಾಳಿ ಎಳೆಯುತ್ತಲೇ ಇರಬೇಕು. ಪಂಪು ನಿಂತಿತೋ, ಎಣ್ಣೆಯ ಆವಿ ಕೊಳವೆಗೆ ನುಗ್ಗುತ್ತದೆ. ಆಮೇಲೆ ಕೊಳವೆಗೆ ಬಿಸಿ ಪಟ್ಟಿ ಸುತ್ತಿ ಕಾಯಿಸುತ್ತ, ಒಳಗಿನ ಹೊಲಸು ಹೋಗುವ ತನಕ ದಿನಗಟ್ಟಲೆ ಕಾಯಬೇಕು. ನಮ್ಮ ಅರ್ಧ ಆಯುಷ್ಯ ಅದರ ಸೇವೆಯಲ್ಲೇ ಹೋಗುತ್ತಿತ್ತು. ಎಲ್ಲಾದರೂ ಕೂದಲೆಳೆಯಷ್ಟು ಸಂದಿಯಿಂದ ಹೊರಗಿನ ಗಾಳಿ ಸೋರಿದರೂ ಪೆನ್ನು ಅದನ್ನು ಹೇಳಿಬಿಡುತ್ತಿತ್ತು. ಸಾರಜನಕದ್ದು ಎತ್ತರದ ಗುಡ್ಡ, ಪಕ್ಕದಲ್ಲಿ ಅದರ ಕಾಲುಭಾಗದಷ್ಟು ಆಮ್ಲಜನಕದ್ದು. ಆ ಜೋಡಿ ಕಂಡ ಕೂಡಲೇ ನಾವು ಅಸಿಟೋನಿನಲ್ಲಿ ಅದ್ದಿದ ಹತ್ತಿ ಹಿಡಿದು ಒಂದೊಂದೇ ಜೋಡಣೆಯ ಮೇಲೆ ಒರೆಸುತ್ತ ಸೋರುವ ಜಾಗ ಹುಡುಕುತ್ತಿದ್ದೆವು. ಯಾವ ಜೋಡಣೆಯ ಹತ್ತಿರ ಒತ್ತಡದ ಮೀಟರಿನ ಮುಳ್ಳು ಹಾರುತ್ತದೋ ಅಲ್ಲಿ ಸಂದಿ ಇದೆ ಎಂದರ್ಥ.

ಕಟ್ಟಡದ ಬಗ್ಗೆ ಒಂದು ಮಾತು ಹೇಳಲೇಬೇಕು. ಯಂತ್ರದ ಕೋಣೆಗೂ ನೀರಿನ ಮಾದರಿಗಳನ್ನು ಸಿದ್ಧಮಾಡುವ ಕೋಣೆಗೂ ನಡುವೆ ಒಂದೇ ಗೋಡೆ. ಆ ಗೋಡೆ ತೂರಿಕೊಂಡು ಒಂದು ಸಣ್ಣ ಗಾಜಿನ ಕೊಳವೆ ಯಂತ್ರಕ್ಕೆ ಬರುತ್ತಿತ್ತು. ಆದರೆ ಬಾಗಿಲುಗಳು ಬೇರೆ ಬೇರೆ ದಿಕ್ಕಿಗೆ. ಒಂದರಿಂದ ಇನ್ನೊಂದಕ್ಕೆ ಹೋಗಬೇಕಾದರೆ ಅಂಗಳಕ್ಕಿಳಿದು ಇಡೀ ಜಿನ್ನನ್ನು ಸುತ್ತಿ ಹಿಂದಿನ ಜಗುಲಿ ಹತ್ತಬೇಕು. ಆ ಹಿಂದಿನ ಕೋಣೆಯಲ್ಲೇ ನಾವು ದ್ರವ ಸಾರಜನಕದ ದೊಡ್ಡ ಪಾತ್ರೆ ಇಡುತ್ತಿದ್ದೆವು. ಗಾಳಿಯಲ್ಲಿರುವ ಸಾರಜನಕವನ್ನೇ ಅತಿಯಾಗಿ ತಣಿಸಿ ನೀರಿನ ಹಾಗೆ ಮಾಡಿದ್ದು ಅದು, ಯಂತ್ರದ ಒಂದು ಭಾಗವನ್ನು ತಣ್ಣಗಿಡಲು ಬೇಕಾಗುತ್ತಿತ್ತು. ಹುಬ್ಬಳ್ಳಿಯಿಂದ ಜೀಪಿನಲ್ಲಿ ಬರುತ್ತಿತ್ತು. ಥರ್ಮಾಸಿನಂಥ ಪಾತ್ರೆಯಲ್ಲಿದ್ದರೂ ಸದಾ ಸ್ವಲ್ಪ ಸ್ವಲ್ಪ ಹೊಗೆಯಾಡುತ್ತ ಹಾರಿಹೋಗುತ್ತಿರುತ್ತದೆ. ಹಾಗಾಗಿ ಆ ಕೋಣೆಯ ಕಿಟಕಿಗಳು ಯಾವಾಗಲೂ ತೆರೆದಿರಬೇಕು ಎಂಬುದು ನಿಯಮ.

ಇನ್ನು ಫಕೀರಪ್ಪ. ಮುರಗೋಡದ ಕಮ್ಮಾರರ ಮನೆಯವನು. ಐ.ಟಿ.ಐ. ಮುಗಿಸಿ ಬಂದಿದ್ದ. ನನಗಿಂತ ವಯಸ್ಸಿನಲ್ಲಿ ಸ್ವಲ್ಪ ಹಿರಿಯ, ಮದುವೆಯಾಗಿತ್ತು, ಹೆಂಡತಿ ಗಂಗವ್ವ ಊರಲ್ಲೇ ಇದ್ದಳು, ಬಸುರಿ. ಅವನು ಒಳ್ಳೆಯ ಕೆಲಸಗಾರನೇ, ಆದರೆ ಬೋಲ್ಟು ಬಿಗಿಯುವಾಗಲೂ ಹಾಡಿಕೊಳ್ಳುತ್ತಿದ್ದ, ಅದೂ ಅಪಸ್ವರದಲ್ಲಿ. ಅದಕ್ಕೆ ನನಗೂ ಅವನಿಗೂ ದಿನಾ ಜಗಳ. ಒಂದು ದಿನ ಅವನು ರಜೆ ಹಾಕಿದರೆ ಜಗಳಕ್ಕೆ ಯಾರೂ ಇಲ್ಲದೆ ನನಗೆ ಬೇಸರವಾಗುತ್ತಿತ್ತು ಎನ್ನುವುದೂ ನಿಜ.

ಆ ವರ್ಷ ದಸರೆಗೆ ಸಾಹೇಬರು ಪುಣೆಗೆ ಹೊರಟರು. ನಾನೂ ಬೈಲಹೊಂಗಲಕ್ಕೆ ಹೊರಟಿದ್ದೆ. ಹಬ್ಬಕ್ಕೆ ಮುಂಚೆ ಫಕೀರಪ್ಪ ಒಂದು ತಕರಾರು ತೆಗೆದ. ನಮ್ಮ ಕಡೆ ಖಂಡೆಪೂಜೆಯ ದಿನ ಆಯುಧಗಳನ್ನು, ಕಸುಬಿನ ಸಾಮಾನುಗಳನ್ನು ತೊಳೆದಿಟ್ಟು ಪೂಜೆ ಮಾಡುತ್ತಾರೆ. ಅವತ್ತು ಅವುಗಳಿಂದ ಕೆಲಸ ತೆಗೆಯುವುದಿಲ್ಲ. ಎಲ್ಲ ಸಾಮಾನಿಗೂ ವಿಶ್ರಾಂತಿ ಇರುವಾಗ ಪಂಪುಗಳು ಮಾತ್ರ ಯಾಕೆ ದುಡಿಯಬೇಕು ಎಂಬುದು ಅವನ ಪ್ರಶ್ನೆ.

"ವರ್ಷಕ್ಕ ಒಂದ ದಿನಾರಿ ಅಕ್ಕಾರ. ನಮ್ಮಪ್ಪ ಅವತ್ತ ತಿದಿ ಮುಟ್ಟಂಗಿಲ್ಲ. ಕಬ್ಬಿಣಕೂ ದಣಿವ ಇರತೈತಿ ಅಂತಾನ."

"ಇದು ತಿದಿ ಅಲ್ಲ ಫಕೀರಪ್ಪ. ಪಂಪ್ ನಿಂತರ ಮತ್ತ ಹದಕ್ಕ ಬರೂದ್ರಾಗ ದೀಪಾವಳಿ ಬರ್ತದ. ಕುಂಕುಮ ಹಚ್ರಿ, ಹೂವು ಏರಸ್ರಿ, ಬೇಕಾದ್ದ ಮಾಡ್ರಿ. ಸ್ವಿಚ್ ಮಾತ್ರ ಮುಟ್ಟಬ್ಯಾಡ್ರಿ."

ಅವನು ಆಗಲಿ ಎಂದ. ಮುಖ ಮಾತ್ರ ಊದಿಸಿಕೊಂಡಿದ್ದ. ಆ ಮುಖ ನೋಡಿಯೇ ನನಗೆ ಅನುಮಾನ ಶುರುವಾಯಿತು. ಬೈಲಹೊಂಗಲಕ್ಕೆ ಹೋದರೂ ನನ್ನ ಕಿವಿ ಪಂಪಿನ ಮೇಲೇ ಇತ್ತು. ಖಂಡೆಪೂಜೆಯ ದಿನ ಬೆಳಿಗ್ಗೆ ಎದ್ದವಳೇ ಸವದತ್ತಿಗೆ ಹೋಗಿ ಬರುತ್ತೇನೆ ಎಂದು ಹೊರಟೆ. ಹಬ್ಬದ ದಿನ ಹೋಳಿಗೆಗೆ ಹೂರಣ ರುಬ್ಬುವುದು ಬಿಟ್ಟು ಮಷೀನಿನ ಯೋಗಕ್ಷೇಮ ನೋಡಲು ಹೋಗುತ್ತಾಳೆ, ಇವಳಿಗೆ ಮದುವೆ ಮಾಡಿದರೂ ಇದೇ ಹಣೆಬರಹ ಎಂದು ಅವ್ವ ಕೂಗಾಡಿದಳು. ನಾನು ಸೆರಗು ಸಿಕ್ಕಿಸಿಕೊಂಡು ಬಸ್‌ಸ್ಟ್ಯಾಂಡಿಗೆ ನಡೆದೆ. ಬಸ್ಸಿನ ಮೂತಿಗೆ ಬಾಳೆಗಿಡ ಕಟ್ಟಿ, ಗಾಜಿಗೆಲ್ಲ ವಿಭೂತಿ ಬಳಿದಿದ್ದರು. ಚಾಲಕನಿಗೆ ದಾರಿ ಹೇಗೆ ಕಾಣುತ್ತದೋ ಎಂದು ಯೋಚಿಸುತ್ತ ಮುರಗೋಡ ದಾಟಿದೆ. ಮನಸ್ಸಿನಲ್ಲಿ ಇದ್ದದ್ದು ಒಂದೇ, ಪಂಪು ನಿಲ್ಲಿಸಿದ್ದರೆ ಫಕೀರಪ್ಪನಿಗೆ ಏನೇನು ಬೈಯಬೇಕು ಎಂಬುದು.

ಕಂಪೌಂಡಿನ ಗೇಟಿನಲ್ಲಿ ಹುಸೇನಸಾಬ ಸಿಕ್ಕಿದ. ಫಕೀರಪ್ಪ ಬೆಳಿಗ್ಗೆಯೇ ಬಂದಿದ್ದಾನೆ, ಹಿಂದಿನ ಕೋಣೆಯಲ್ಲಿ ಪೂಜೆ ನಡೆಸಿದ್ದಾನೆ ಎಂದ. ನಾನು ಅಲ್ಲಿಗೆ ಹೋಗಲಿಲ್ಲ. ನನಗೆ ಬೇಕಾಗಿದ್ದದ್ದು ಯಂತ್ರ. ಸೀದಾ ಮುಂದಿನ ಕೋಣೆಗೆ ಹೋದೆ.

ಬಾಗಿಲು ತಳ್ಳಿದಾಗಲೇ ಪಂಪಿನ ಗುಡುಗುಡು ಸದ್ದು ಕೇಳಿತು. ನನಗೆ ಎಷ್ಟು ಸಮಾಧಾನವಾಯಿತೆಂದರೆ ಬಾಗಿಲಲ್ಲೇ ನಿಂತು ನಕ್ಕೆ. ಅಂತೂ ನನ್ನ ಮಾತು ನಡೆಯಿತಲ್ಲ ಎಂದುಕೊಂಡೆ. ಕಿಟಕಿಯಿಂದ ಬಿಸಿಲು ಮೇಜಿನ ಮೇಲೆ ಬಿದ್ದಿತ್ತು. ಮೇಜಿನ ಮೇಲೆ ಪೆನ್ನು ಕರಕರ ಎನ್ನುತ್ತ ಬರೆಯುತ್ತಿತ್ತು. ಯಂತ್ರದ ಕೊಳವೆ, ಅಯಸ್ಕಾಂತ ಎಲ್ಲ ಇದ್ದದ್ದು ಎದೆಮಟ್ಟದ ಒಂದು ಉಕ್ಕಿನ ಹಲಗೆಯ ಹಿಂದೆ. ನಾನು ಅತ್ತ ಹೋಗಿ ನೋಡಲಿಲ್ಲ. ಸ್ಟೂಲು ಎಳೆದುಕೊಂಡು ಪೆನ್ನಿನ ಮುಂದೆ ಕೂತೆ.

ಗುಡ್ಡಗಳು ಕಂಡವು. ಇಪ್ಪತ್ತೆಂಟು, ಮೂವತ್ತೆರಡು. ಗಾಳಿ ಸೋರುತ್ತಿದೆ. ರಜೆಗೆ ಮುಂಚೆ ಯಂತ್ರದ ಜೋಡಣೆಗಳನ್ನೆಲ್ಲ ನಾನೇ ನೋಡಿ ಹೋಗಿದ್ದೆ, ಹಾಗಾಗಿ ಸಂದಿ ಇರುವುದು ಆಚೆ ಕೋಣೆಯ ಕೊಳವೆಯಲ್ಲೇ ಎಂದು ಲೆಕ್ಕ ಹಾಕಿದೆ. ಆದರೆ ಏನೋ ಸರಿಯಿರಲಿಲ್ಲ. ಆಮ್ಲಜನಕದ ಗುಡ್ಡ ಇರಬೇಕಾದದ್ದಕ್ಕಿಂತ ಗಿಡ್ಡ ಇತ್ತು. ಪೆನ್ನು ಮತ್ತೊಂದು ಸುತ್ತು ಬರೆಯಿತು. ಸಾರಜನಕ ಎತ್ತರಕ್ಕೆ ಹೋಯಿತು, ಆಮ್ಲಜನಕ ಇನ್ನೂ ಕುಗ್ಗಿತು. ನಾನು ನೋಡುತ್ತ ಕೂತ ಹಾಗೆ ಪ್ರತಿ ಸುತ್ತಿಗೂ ಅದು ನೆಲಕ್ಕೆ ಇಳಿಯುತ್ತ ಹೋಯಿತು.

ನನಗೆ ಹೊಳೆದದ್ದು ಏನು ಗೊತ್ತೇ? ಆ ಕೋಣೆಯಲ್ಲಿ ಯಾರದೋ ಪ್ರಾಣಕ್ಕೆ ಅಪಾಯ ಎಂದಲ್ಲ. ಆಮ್ಲಜನಕವನ್ನು ತಿನ್ನುವುದು ಬೆಂಕಿ, ಈ ಮಹಾರಾಯ ಪೂಜೆಯ ದೀಪವನ್ನು ಒಯ್ದು ನನ್ನ ಗಾಜಿನ ಕೊಳವೆಯ ಬುಡದಲ್ಲೇ ಇಟ್ಟಿರಬೇಕು, ಆ ಕಾವಿಗೆ ಜೋಡಣೆ ಬಿಟ್ಟುಕೊಂಡಿದೆ ಎಂದು. ಸಿಟ್ಟು ನೆತ್ತಿಗೇರಿತು. ಅಸಿಟೋನಿನ ಸೀಸೆ, ಹತ್ತಿ ತೆಗೆದುಕೊಂಡು ದಡದಡ ಅಂಗಳಕ್ಕಿಳಿದು ಜಿನ್ನು ಸುತ್ತಿ ಹಿಂದಿನ ಜಗುಲಿಗೆ ಹೋದೆ.

ಬಾಗಿಲು ಮುಚ್ಚಿತ್ತು. ಕಿಟಕಿಗಳೂ ಮುಚ್ಚಿದ್ದವು. ಹೆಸರು ಹಿಡಿದು ಕೂಗಿದೆ, ಉತ್ತರ ಬರಲಿಲ್ಲ. ತಳ್ಳಿದೆ. ಬಾಗಿಲು ತೆರೆದಾಗ ಮೊದಲು ನನ್ನ ಪಾದಗಳಿಗೆ ಚಳಿ ತಗುಲಿತು. ನೆಲದ ಮೇಲೆ ಮೊಣಕಾಲೆತ್ತರ ಬಿಳಿ ಮಂಜು ಹರಡಿತ್ತು. ಮಣೆಯ ಮೇಲೆ ಸ್ಪ್ಯಾನರುಗಳು, ಇಕ್ಕಳ, ಚೆಂಡುಹೂವು, ಬಾಳೆಹಣ್ಣು. ದೀಪದ ಸಮೆಯಲ್ಲಿ ಎಣ್ಣೆ ತುಂಬಿತ್ತು, ಬತ್ತಿ ಇತ್ತು, ದೀಪ ಆರಿತ್ತು. ಅದರ ಮುಂದೆ ಫಕೀರಪ್ಪ ಮಗ್ಗುಲಾಗಿ ಬಿದ್ದಿದ್ದ. ತುಟಿ ನೀಲಿ.

ಏನಾಗಿದೆ ಎಂದು ನನಗೆ ಆಗ ತಿಳಿಯಿತು. ಸಾರಜನಕಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ, ಉಸಿರು ಕಟ್ಟಿದ ಹಾಗೂ ಆಗುವುದಿಲ್ಲ. ಆಮ್ಲಜನಕವನ್ನು ಆಚೆ ತಳ್ಳಿ ತಾನು ತುಂಬಿಕೊಳ್ಳುತ್ತದೆ. ಹೊಸದಾಗಿ ತುಂಬಿಸಿ ತಂದಿದ್ದ ಪಾತ್ರೆ ಎಲ್ಲೋ ಬಿರಿದು, ಒಳಗಿದ್ದದ್ದೆಲ್ಲ ಕುದಿದು ಕೋಣೆ ತುಂಬಿತ್ತು. ಒಂದು ಹೆಜ್ಜೆ ಒಳಗಿಟ್ಟಿದ್ದೆನೋ ಏನೋ, ಕಣ್ಣು ಮಂಜಾಯಿತು. ಹಿಂದಕ್ಕೆ ಬಂದು ಜೀವ ಹೋಗುವವರ ಹಾಗೆ ಹುಸೇನಸಾಬನನ್ನು ಕೂಗಿದೆ. ಹೊರಗೆ ಎದೆ ತುಂಬ ಉಸಿರೆಳೆದು ಬಿಗಿಹಿಡಿದು, ಓಡಿಹೋಗಿ ಅವನ ಕಾಲು ಹಿಡಿದು ಎಳೆದೆ. ಅರ್ಧ ದಾರಿಯಲ್ಲಿ ಬಿಟ್ಟು ಹೊರಗೆ ಓಡಿಬಂದೆ. ಮತ್ತೆ ಉಸಿರು ಹಿಡಿದು ಹೋದೆ. ಅಷ್ಟರಲ್ಲಿ ಹುಸೇನಸಾಬ ಬಂದ. ಇಬ್ಬರೂ ಸೇರಿ ಅವನನ್ನು ಹೊಸ್ತಿಲು ದಾಟಿಸಿ ಬಿಸಿಲಿಗೆ ಎಳೆದು ಹಾಕಿದೆವು.

ಉಸಿರು ಇರಲಿಲ್ಲ, ಅಥವಾ ನನಗೆ ಕಾಣಲಿಲ್ಲ. ಎದೆ ಒತ್ತಿದೆ, ಬಾಯಿಗೆ ಬಾಯಿ ಇಟ್ಟು ಊದಿದೆ. ಪುಸ್ತಕದಲ್ಲಿ ಓದಿದ್ದೆ ಅಷ್ಟೇ, ಎಂದೂ ಮಾಡಿರಲಿಲ್ಲ. ಹಬ್ಬದ ದಿನ, ಸೀರೆ ಉಟ್ಟ ಹೆಣ್ಣುಮಗಳು, ಪರಗಂಡಸು. ಹುಸೇನಸಾಬ ಮುಖ ಆಚೆ ತಿರುಗಿಸಿ ನಿಂತು ಅಲ್ಲಾನನ್ನು ಕರೆಯುತ್ತಿದ್ದ. ಮುರಗೋಡದಲ್ಲಿ ಕೂತ ಗಂಗವ್ವನಿಗೆ ಹೋಗಿ ಏನು ಹೇಳಲಿ ಎಂಬುದೊಂದೇ ನನ್ನ ತಲೆಯಲ್ಲಿ ಸುತ್ತುತ್ತಿತ್ತು. ಎಷ್ಟು ಹೊತ್ತೋ ತಿಳಿಯದು. ಕೊನೆಗೆ ಅವನು ಕೆಮ್ಮಿದ. ನಾನು ಅಲ್ಲೇ ಮಣ್ಣಿನಲ್ಲಿ ಕೂತು ಗಟ್ಟಿಯಾಗಿ ಅತ್ತೆ.

ದಾರಿಯಲ್ಲಿ ಹೋಗುತ್ತಿದ್ದ ಟ್ರ್ಯಾಕ್ಟರ್ ನಿಲ್ಲಿಸಿ ಅವನನ್ನು ದವಾಖಾನೆಗೆ ಸೇರಿಸಿದೆವು. ಇನ್ನೂ ಸ್ವಲ್ಪ ತಡವಾಗಿದ್ದರೆ ಹೆಣ ಒಯ್ಯಬೇಕಾಗುತ್ತಿತ್ತು ಎಂದು ಡಾಕ್ಟರರು ಹೇಳಿದರು. ಮಧ್ಯಾಹ್ನ ಇಳಿಯುವ ಹೊತ್ತಿಗೆ ಅವನು ಕಣ್ಣು ಬಿಟ್ಟು ನನ್ನನ್ನು ಗುರುತಿಸಿದ. ಗಾಳಿಗೆ ದೀಪ ಆರಬಾರದು ಎಂದು ಕಿಟಕಿ ಮುಚ್ಚಿದ್ದನಂತೆ. ಹುಸೇನಸಾಬನ ಆಡುಗಳು ಬಂದು ಹೂವು ತಿನ್ನಬಾರದು ಎಂದು ಬಾಗಿಲು ಹಾಕಿಕೊಂಡಿದ್ದನಂತೆ. ನಿಯಮ ಅವನಿಗೆ ಗೊತ್ತಿಲ್ಲದ್ದೇನಲ್ಲ. ಹಚ್ಚಿದ ದೀಪ ಆರಿದರೆ ಅಪಶಕುನ ಎಂಬ ಭಯ ಆ ಗಳಿಗೆಯಲ್ಲಿ ದೊಡ್ಡದಾಯಿತು.

ಆಮೇಲೆ ಅವನು ತಡೆದು ತಡೆದು ಇನ್ನೊಂದು ಮಾತು ಹೇಳಿದ. "ಸಿಟ್ಟಾಗಬ್ಯಾಡ್ರಿ ಅಕ್ಕಾರ. ನೀವು ಹ್ವಾದ ಮರುದಿನಾನ ತಂತಿ ಸುಟ್ಟಿತ್ರಿ. ಹ್ಯಾಂಗೂ ಬಿಚ್ಚಾಕ ಬೇಕಲ್ಲಾ ಅಂತ ಪಂಪ್ ಆರಿಸಿ, ಸೋರ್ಸ್ ತಗದು, ಪೂಜಿಗೆ ಮಣಿ ಮ್ಯಾಲ ಇಟ್ಟೀನ್ರಿ."

ನನಗೆ ಅರ್ಥವಾಗಲಿಲ್ಲ. ಪಂಪು ನಡೆಯುತ್ತಿದೆಯಲ್ಲ ಎಂದೆ. ಅವನು ನನ್ನ ಮುಖವನ್ನೇ ನೋಡಿದ. ಬುದ್ಧಿ ಇನ್ನೂ ಸ್ವಾಧೀನಕ್ಕೆ ಬಂದಿಲ್ಲ ಪಾಪ ಎಂದು ನಾನು ಅಂದುಕೊಂಡೆ.

ಬಿಸಿಲಿರುವಾಗಲೇ ಲ್ಯಾಬಿಗೆ ಮರಳಿದೆ. ಹಿಂದಿನ ಕೋಣೆಯ ಮಂಜು ಹೋಗಿತ್ತು. ಮಣೆಯ ಮೇಲೆ ಸ್ಪ್ಯಾನರುಗಳ ನಡುವೆ, ಮೊದಲು ನನ್ನ ಕಣ್ಣಿಗೆ ಬೀಳದಿದ್ದ ಉಕ್ಕಿನ ಡಬ್ಬಿ ಇತ್ತು. ಸೋರ್ಸ್. ಕುಂಕುಮ ಹಚ್ಚಿ, ಮೇಲೊಂದು ಚೆಂಡುಹೂವು ಇಟ್ಟಿದ್ದ. ಅದರ ಪಕ್ಕದಲ್ಲಿ, ಒಂದು ಹಿತ್ತಾಳೆ ತಟ್ಟೆಯಲ್ಲಿ, ತೊಳೆದು ಒರೆಸಿದ ಪೆನ್ನು.

ಮುಂದಿನ ಕೋಣೆಗೆ ನಾನು ಹೇಗೆ ಹೋದೆನೋ ನೆನಪಿಲ್ಲ. ಬಾಗಿಲು ತೆರೆದೆ. ಸದ್ದಿಲ್ಲ. ಪಂಪಿನ ಬೆಲ್ಟುಗಳನ್ನು ಬಿಚ್ಚಿ ಮೊಳೆಗೆ ತೂಗುಹಾಕಿತ್ತು. ಹಲಗೆಯ ಹಿಂದೆ ಹೋಗಿ ನೋಡಿದೆ. ಸೋರ್ಸ್ ಇರಬೇಕಾದ ಕೊಳವೆಯ ಬಾಯಿಗೆ ಒಂದು ತಗಡಿನ ಮುಚ್ಚಳ ಬಿಗಿದಿತ್ತು. ಕಾಗದ ಬೆಳ್ಳಗಿತ್ತು, ಒಂದು ಚುಕ್ಕೆಯೂ ಇರಲಿಲ್ಲ. ಪೆನ್ನು ಕೂರುವ ತೋಳು ಬರಿದಾಗಿತ್ತು. ಗೋಡೆಯ ಪ್ಲಗ್ಗು ಕಿತ್ತು, ವೈರು ಸುತ್ತಿ ಇಟ್ಟಿತ್ತು. ಬೆಳಿಗ್ಗೆ ನಾನು ಎಳೆದುಕೊಂಡಿದ್ದ ಸ್ಟೂಲು ಮಾತ್ರ ಆ ಮೇಜಿನ ಮುಂದೆ, ನಾನು ಬಿಟ್ಟು ಎದ್ದ ಹಾಗೆಯೇ ಓರೆಯಾಗಿ ನಿಂತಿತ್ತು.

ನನಗೆ ಆಗ ಆದದ್ದನ್ನು ಹೆದರಿಕೆ ಎಂದರೆ ಸಾಲದು. ಗೋಡೆ ಹಿಡಿದುಕೊಂಡು ಹೊರಗೆ ಬಂದೆ. ಹುಸೇನಸಾಬನನ್ನು ಕರೆದು, ಬೆಳಿಗ್ಗೆ ಮಷೀನಿನ ಸಪ್ಪಳ ಇತ್ತಲ್ಲ ಎಂದು ಕೇಳಿದೆ. ಹೌದು ಎನ್ನಲಿ ಎಂದು ಬೇಡಿಕೊಂಡೇ ಕೇಳಿದೆ.

"ಎಲ್ಲಿ ಸಪ್ಪಳ ಬಾಯಾರ. ನಿನ್ನಿಯಿಂದ ಬಂದ್ ಐತಿ. ಈ ಕೆಲಸಕ್ಕ ಸೇರಿದಾಗಿಂದ ನಾ ನಿನ್ನೆ ಒಂದ ರಾತ್ರಿನ ನಿದ್ದಿ ಮಾಡೀನಿ ನೋಡ್ರಿ," ಎಂದ.

ಸಾಹೇಬರು ಬಂದ ಮೇಲೆ ಎಲ್ಲ ಹೇಳಿದೆ. ಒಳ್ಳೆಯ ಮನುಷ್ಯ, ನಗಲಿಲ್ಲ. ಸದಾ ಕೇಳುವ ಸದ್ದನ್ನು ಕಿವಿ ತಾನೇ ತುಂಬಿಕೊಳ್ಳುತ್ತದೆ, ಸದಾ ನೋಡುವ ಗೆರೆಯನ್ನು ಕಣ್ಣು ತಾನೇ ಎಳೆದುಕೊಳ್ಳುತ್ತದೆ ಎಂದರು. ನಾನು ಒಪ್ಪಿದೆ. ಕಿವಿ ಮೋಸ ಮಾಡಲಿ, ಕಣ್ಣು ಮೋಸ ಮಾಡಲಿ, ಅದು ನನಗೆ ಕಷ್ಟವಲ್ಲ. ಆದರೆ ಆ ಹೊತ್ತಿಗೆ ಗೋಡೆಯಾಚೆ ಸಾರಜನಕ ಏರುತ್ತ, ಆಮ್ಲಜನಕ ಇಳಿಯುತ್ತ ಇದ್ದದ್ದು ನಿಜವಲ್ಲವೇ? ಅದನ್ನು ನನ್ನ ಕಣ್ಣಿಗೆ ಹೇಳಿದವರು ಯಾರು ಎಂದು ಕೇಳಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡು, ಗೊತ್ತಿಲ್ಲ ಎಂದರು. ಆಮೇಲೆ ನಾವು ಆ ಮಾತು ಎತ್ತಲಿಲ್ಲ.

ನಾನು ಮಾತ್ರ ಬಿಡಲಿಲ್ಲ. ಏನಾದರೊಂದು ಕಾರಣ ಸಿಗದೆ ನನಗೆ ಊಟ ಸೇರುತ್ತಿರಲಿಲ್ಲ. ಕೊನೆಗೆ ನನ್ನಷ್ಟಕ್ಕೆ ಒಂದು ಕಟ್ಟಿಕೊಂಡೆ. ಸಾಯುವ ಗಳಿಗೆಯಲ್ಲಿ ಫಕೀರಪ್ಪ ನನ್ನನ್ನು ನೆನೆದಿರಬೇಕು, ಅಕ್ಕಾರ ಬಂದು ಉಳಿಸಲಿ ಎಂದು ಒದ್ದಾಡಿರಬೇಕು, ಅದು ಹೇಗೋ ನನಗೆ ತಿಳಿದ ಭಾಷೆಯಲ್ಲೇ ನನಗೆ ಮುಟ್ಟಿರಬೇಕು. ವಿಜ್ಞಾನಕ್ಕೆ ಇದು ಒಪ್ಪುವ ಮಾತಲ್ಲ, ನನಗೆ ಗೊತ್ತು. ಆದರೂ ಹಿಡಿದುಕೊಳ್ಳಲು ಒಂದು ಗೂಟ ಬೇಕಾಗಿತ್ತು.

ಅವನು ಪೂರ್ತಿ ಚೇತರಿಸಿಕೊಂಡ ಮೇಲೆ ಮುರಗೋಡಕ್ಕೆ ಅವನ ಮನೆಗೆ ಹೋದೆ. ಗಂಗವ್ವನಿಗೆ ಹೆರಿಗೆಯಾಗಿತ್ತು. ಬಾಣಂತಿ ಕೋಣೆಯ ಬಾಗಿಲಲ್ಲಿ ಕೂತು ಅವಳು ನಮ್ಮ ಮಾತು ಕೇಳುತ್ತಿದ್ದಳು. ಅವಲಕ್ಕಿ, ಚಹಾ ಆಯಿತು. ಅವತ್ತು ನನಗೆ ಕಂಡ ಗೆರೆಗಳ ಸಂಗತಿ ಹೇಳಿ, ತಡೆಯಲಾರದೆ ಕೇಳಿಯೇಬಿಟ್ಟೆ. ಆ ಹೊತ್ತಿನಲ್ಲಿ ನನ್ನ ನೆನಪು ಮಾಡಿಕೊಂಡಿದ್ದಿರಾ, ಮನಸ್ಸಿನಲ್ಲಾದರೂ ಕರೆದಿರಾ ಎಂದು.

"ಸುಳ್ಳ ಯಾಕ ಹೇಳ್ಲಿ ಅಕ್ಕಾರ. ನಾ ಯಾರನೂ ನೆನಸಲಿಲ್ರಿ. ಹೆದರಿಕಿನೂ ಆಗ್ಲಿಲ್ಲ. ತಲಿ ಒಂಚೂರು ಹಗರ ಆತು, ಆರಾಮ ಅನಿಸ್ತು, ನಿದ್ದಿ ಬಂತು. ಸಾಯಾಕ ಹತ್ತೇನಿ ಅಂತ ನನಗ ಗೊತ್ತ ಇರಲಿಲ್ಲ."

ಕೈಯಲ್ಲಿದ್ದ ಬಟ್ಟಲು ಕೆಳಗಿಟ್ಟೆ. ಅವನು ಕರೆದಿರಲಿಲ್ಲ. ಆ ಕೋಣೆಯಲ್ಲಿ ಅವನ ಹೊರತು ಬೇರೆ ಯಾರೂ ಇರಲಿಲ್ಲ.

ಗಂಗವ್ವ ಕೂಸನ್ನು ಅತ್ತೆಯ ಕೈಗೆ ಕೊಟ್ಟು ಎದ್ದು ಬಂದಳು. "ಹಂಗಾರ ನಿಮ್ಮನ್ನ ಆ ಖೋಲಿಗೆ ಕಳಸಿದವರು ಯಾರ್ರಿ?" ಎಂದು ಕೇಳಿದಳು. ಅದರಲ್ಲಿ ಭಕ್ತಿಯ ಮಾತೇನೂ ಇರಲಿಲ್ಲ. ಗಂಡ ಉಳಿದಿದ್ದಕ್ಕೆ ಕಾಯಿ ಒಡೆಸಬೇಕು, ಯಾರ ಮುಂದೆ ಒಡೆಸಬೇಕು ಎಂದು ಅವಳಿಗೆ ತಿಳಿಯಬೇಕಿತ್ತು. ಒಂದು ಹೆಸರು ಬೇಕಿತ್ತು ಅಷ್ಟೇ. ಮಠವೋ, ಗುಡ್ಡದ ದೇವಿಯೋ, ಹುಸೇನಸಾಬನ ಪೀರನೋ, ಅಥವಾ ಆ ಮಷೀನೋ, ನಾನು ಏನು ಹೇಳಿದ್ದರೂ ಅವಳು ನಂಬುತ್ತಿದ್ದಳು. ನನಗೆ ಗೊತ್ತಿಲ್ಲವ್ವ ಎಂದೆ.

ಅವಳು ಒಳಗೆ ಹೋಗಿ, ಜುಟ್ಟು ಇಟ್ಟು ಸುಲಿದಿದ್ದ ಒಂದು ತೆಂಗಿನಕಾಯಿ ತಂದು ನನ್ನ ಉಡಿಯಲ್ಲಿ ಹಾಕಿದಳು. "ನಿಮಗ ಗೊತ್ತಾದ ದಿನಾ ನೀವ ಒಡಿರಿ," ಎಂದಳು.

ಆ ಕಾಯಿ ಈಗಲೂ ನನ್ನ ಕಪಾಟಿನಲ್ಲಿದೆ. ನೀರು ಎಂದೋ ಆರಿಹೋಗಿ, ಒಳಗಿನ ಕೊಬ್ಬರಿ ಒಣಗಿ ಚಿಪ್ಪಿನಿಂದ ಬಿಟ್ಟುಕೊಂಡಿದೆ. ಕಪಾಟು ಒರೆಸಲು ತೆಗೆದಾಗೆಲ್ಲ ಲಟಲಟ ಎನ್ನುತ್ತದೆ. ಇನ್ನೂ ಒಡೆದಿಲ್ಲ.